ಅಮೆರಿಕದ ಅರೆಸ್ಟ್ ದಾಖಲೆ: ಕೇಸು ವಜಾ ಆದ ಮೇಲೂ ಉಳಿಯುವ ಕೆಲಸ

ಸಂಪಾದಕರಿಗೆ ನಮಸ್ಕಾರ.

ಅಮೆರಿಕದಲ್ಲಿ ನಮ್ಮ ಹುಡುಗರು ಅಂಗಡಿಯಲ್ಲಿ ಕದ್ದರು, ಕುಡಿದು ಕಾರು ಓಡಿಸಿದರು, ಗಂಡ ಹೆಂಡತಿ ಜಗಳ ಪೊಲೀಸರವರೆಗೆ ಹೋಯಿತು ಅಂತೆಲ್ಲ ಸುದ್ದಿ ನಿಮ್ಮ ಪತ್ರಿಕೆಯಲ್ಲಿ ಆಗಾಗ ಬರುತ್ತದೆ. ಹೆಸರು, ಓದುವ ಕಾಲೇಜು, ಪೊಲೀಸರು ತೆಗೆದ ಫೋಟೊ ಎಲ್ಲ ಇರುತ್ತದೆ. ಆಮೇಲೆ ಆ ಕೇಸು ಏನಾಯಿತು ಅನ್ನುವುದು ಮಾತ್ರ ಎಲ್ಲೂ ಬರುವುದಿಲ್ಲ. ಎಷ್ಟೋ ಸಲ ಅದು ವಜಾ ಆಗಿರುತ್ತದೆ, ಇಲ್ಲವೇ ಸರ್ಕಾರಿ ವಕೀಲರು ಕೋರ್ಟಿನಲ್ಲಿ ಚಾರ್ಜೇ ಹಾಕಿರುವುದಿಲ್ಲ. ಈ ಬಗ್ಗೆ ನಿಮ್ಮನ್ನು ಕೇಳುವುದೊಂದಿದೆ, ಅದನ್ನು ಆಮೇಲೆ ಕೇಳುತ್ತೇನೆ. ಮೊದಲು ಈ ಪತ್ರಿಕೆ ಓದುವ ಅಪ್ಪ ಅಮ್ಮಂದಿರಿಗೂ ಇಲ್ಲಿರುವ ಅವರ ಮಕ್ಕಳಿಗೂ ಸ್ವಲ್ಪ ಹೇಳಬೇಕು.

ನಾನು ವಕೀಲನಲ್ಲ. ಅಮೆರಿಕಕ್ಕೆ ಬಂದು ನೆಲೆಸಿದವನು, ಪರಿಚಯದವರ ಜೊತೆ ಕೋರ್ಟಿನ ಕೌಂಟರ್ ಮುಂದೆ ನಿಂತು ಅರ್ಜಿ ತುಂಬಿಸಿದವನು, ಅಷ್ಟೇ. ಎಲ್ಲರ ಬಾಯಲ್ಲೂ ನಾನು ಕೇಳಿದ್ದು ಒಂದೇ ಮಾತು: 'ಕೇಸು ವಜಾ ಆಯ್ತಲ್ಲ, ಇನ್ನೇನು?' ಇನ್ನೇನು ಅಂದರೆ, ಅರ್ಧ ಕೆಲಸ ಅಲ್ಲಿಂದಲೇ ಶುರು.

ಇಲ್ಲಿ ಅರೆಸ್ಟ್ ದಾಖಲೆ ಬೇರೆ, ತೀರ್ಪಿನ ದಾಖಲೆ ಬೇರೆ. ಪೊಲೀಸರು ಹಿಡಿದುಕೊಂಡು ಹೋಗಿ ಬೆರಳಚ್ಚು ತೆಗೆದು ಫೋಟೊ ಹಿಡಿದ ಕ್ಷಣಕ್ಕೆ ಮೊದಲನೆಯದು ಹುಟ್ಟುತ್ತದೆ, ಅದನ್ನು ಬುಕಿಂಗ್ ಅನ್ನುತ್ತಾರೆ. ಇದು ಸಾಮಾನ್ಯವಾಗಿ ಆಗುವುದು ಕೌಂಟಿ ಜೈಲಿನಲ್ಲಿ. ಕೌಂಟಿ ಅಂದರೆ ಸುಮಾರಾಗಿ ನಮ್ಮ ಜಿಲ್ಲೆ ಇದ್ದ ಹಾಗೆ. ದೇಶದಲ್ಲಿ ಅಂಥವು ಮೂರು ಸಾವಿರಕ್ಕೂ ಹೆಚ್ಚಿವೆ. ಹೆಚ್ಚಿನ ಕಡೆ ಜೈಲು ನೋಡಿಕೊಳ್ಳುವವನು ಶೆರಿಫ್, ಅವನು ಜನರಿಂದ ಚುನಾಯಿತನಾಗಿ ಬಂದವನು. ಕೋರ್ಟಿನ ಕಾಗದ ಇಟ್ಟುಕೊಳ್ಳುವುದು ಕ್ಲರ್ಕ್ ಆಫೀಸು. ಶೆರಿಫ್ ಬೇರೆ, ಕ್ಲರ್ಕ್ ಬೇರೆ. ಕೋರ್ಟಿನಲ್ಲಿ ಕೇಸು ಬಿದ್ದುಹೋದರೂ ಜೈಲಿನ ಕಂಪ್ಯೂಟರಿನಲ್ಲಿ ಮೊದಲ ದಿನ ಪೊಲೀಸರು ಬರೆದ ಆರೋಪ ಹಾಗೇ ಕೂತಿರಬಹುದು. ಅಲ್ಲಿಂದ ಆ ಬೆರಳಚ್ಚು ರಾಜ್ಯದ ಇಲಾಖೆಗೆ ಹೋಗುತ್ತದೆ. ಟೆಕ್ಸಸ್‌ನಲ್ಲಿ ಅದು ಡಿಪಿಎಸ್, ಫ್ಲಾರಿಡಾದಲ್ಲಿ ಎಫ್‌ಡಿಎಲ್‌ಇ, ಕ್ಯಾಲಿಫೋರ್ನಿಯಾದಲ್ಲಿ ರಾಜ್ಯದ ನ್ಯಾಯ ಇಲಾಖೆ. ರಾಜ್ಯದಿಂದ ಎಫ್‌ಬಿಐಗೆ. ಇದರ ಜೊತೆಗೆ ಕೌಂಟಿ ವೆಬ್‌ಸೈಟಿನಿಂದ ದಿನಾ ಮಾಹಿತಿ ಬಾಚಿಕೊಳ್ಳುವ ಖಾಸಗಿ ಕಂಪನಿಗಳು ಇದ್ದೇ ಇವೆ. ಒಂದು ರಾತ್ರಿಯ ಅರೆಸ್ಟಿಗೆ ಇಷ್ಟು ಕಡೆ ನಕಲು.

ಹುಡುಕುವಾಗ ಮೊದಲು ಅರೆಸ್ಟ್ ಆಗಿದ್ದು ಯಾವ ಕೌಂಟಿಯಲ್ಲಿ ಅಂತ ಖಚಿತ ಮಾಡಿಕೊಳ್ಳಿ. ಮನೆ ಇರುವ ಕೌಂಟಿ ಅಲ್ಲ, ಅರೆಸ್ಟ್ ಆದ ಕೌಂಟಿ. ಟೆಕ್ಸಸ್‌ನ ಫ್ರಿಸ್ಕೊದಲ್ಲಿ ನಮ್ಮವರು ತುಂಬ ಜನ ಇದ್ದಾರೆ. ಆ ಊರು ಕಾಲಿನ್ ಕೌಂಟಿಯಲ್ಲೂ ಇದೆ, ಡೆಂಟನ್ ಕೌಂಟಿಯಲ್ಲೂ ಇದೆ. ಒಂದು ಕಡೆ ಹುಡುಕಿ ಏನೂ ಸಿಗಲಿಲ್ಲ ಅಂತ ನಿಟ್ಟುಸಿರು ಬಿಟ್ಟವರ ಕೇಸು ಇನ್ನೊಂದು ಕಡೆ ಆರಾಮಾಗಿ ಬಿದ್ದಿರಬಹುದು. ಅದೇ ಟೆಕ್ಸಸ್‌ನಲ್ಲಿ ಹೆಚ್ಚಿನ ಕೌಂಟಿಗಳಲ್ಲಿ ದೊಡ್ಡ ಅಪರಾಧದ ಕಾಗದ ಡಿಸ್ಟ್ರಿಕ್ಟ್ ಕ್ಲರ್ಕ್ ಹತ್ತಿರ, ಚಿಕ್ಕದ್ದು ಕೌಂಟಿ ಕ್ಲರ್ಕ್ ಹತ್ತಿರ ಇರುತ್ತದೆ. ನ್ಯೂಜೆರ್ಸಿಯಲ್ಲಿ 200 ಡಾಲರಿಗಿಂತ ಕಡಿಮೆ ಬೆಲೆಯ ಅಂಗಡಿ ಕಳವು ಕೌಂಟಿ ಕೋರ್ಟಿಗೆ ಬರುವುದೇ ಇಲ್ಲ, ಊರಿನ ಮುನಿಸಿಪಲ್ ಕೋರ್ಟಿನಲ್ಲಿ ನಡೆಯುತ್ತದೆ. ಆದರೆ ಆ ದಾಖಲೆ ತೆಗೆಸುವ ಅರ್ಜಿ ಹಾಕಬೇಕಾದ್ದು ಮತ್ತೆ ಕೌಂಟಿಯ ಸುಪೀರಿಯರ್ ಕೋರ್ಟಿನಲ್ಲೇ. ತಲೆ ಕೆಡುತ್ತದೆ, ಗೊತ್ತು. ವೆಬ್‌ಸೈಟಿನಲ್ಲಿ ಸಿಗದಿದ್ದರೆ ಕ್ಲರ್ಕ್ ಆಫೀಸಿಗೆ ಫೋನ್ ಮಾಡಿ, ಇಲ್ಲವೇ ನೇರ ಹೋಗಿ. ಹಳೇ ಕೇಸುಗಳು ಎಷ್ಟೋ ಕೌಂಟಿಗಳಲ್ಲಿ ಆನ್‌ಲೈನ್ ಬಂದೇ ಇಲ್ಲ.

ನಮ್ಮ ಹೆಸರುಗಳ ಗೋಳು ಬೇರೆ. ನಮ್ಮಲ್ಲಿ ಎಷ್ಟೋ ಜನರಿಗೆ ಮನೆತನದ ಹೆಸರಿಲ್ಲ, ಇನಿಷಿಯಲ್ ಇರುತ್ತದೆ. ಪಾಸ್‌ಪೋರ್ಟಿನಲ್ಲಿ ಅಪ್ಪನ ಹೆಸರೋ ಊರಿನ ಹೆಸರೋ ಕೊನೆಗೆ ಸೇರಿಕೊಂಡಿರುತ್ತದೆ. ಒಂದೇ ಹೆಸರು ಇದ್ದವರಿಗೆ ವೀಸಾದಲ್ಲಿ ಮುಂದೆ ಎಫ್‌ಎನ್‌ಯು, ಅಂದರೆ ಮೊದಲ ಹೆಸರು ಗೊತ್ತಿಲ್ಲ, ಅಂತ ಬರುತ್ತದೆ. ಪೊಲೀಸರು ಲೈಸೆನ್ಸ್ ನೋಡಿ ಅವರಿಗೆ ತೋಚಿದ ಹಾಗೆ ಬರೆದುಕೊಂಡಿರುತ್ತಾರೆ. ಹಾಗಾಗಿ ಹುಡುಕುವಾಗ ಹೆಸರು ಹಿಂದು ಮುಂದು ಮಾಡಿ, ಇನಿಷಿಯಲ್ ಬಿಡಿಸಿ, ಬಿಡಿಸದೆ, ಕಾಗುಣಿತ ತಪ್ಪಿಸಿ ಎಲ್ಲ ಥರ ಹಾಕಿ ನೋಡಿ. ಇದಕ್ಕೆ ಇನ್ನೊಂದು ಮುಖವೂ ಇದೆ. ನಿಮ್ಮದೇ ಹೆಸರಿನ ಬೇರೆ ಯಾರದ್ದೋ ಕೇಸು ನಿಮ್ಮ ಕೆಲಸದ ಬ್ಯಾಕ್‌ಗ್ರೌಂಡ್ ಚೆಕ್‌ನಲ್ಲಿ ಬಂದು ಕೂರಬಹುದು. ಆಗ ಹುಟ್ಟಿದ ತಾರೀಖು ಹೊಂದುತ್ತದಾ ಅಂತ ಮೊದಲು ನೋಡಿ.

ಎಫ್‌ಬಿಐ ಹತ್ತಿರ ನಿಮ್ಮ ಬಗ್ಗೆ ಏನಿದೆ ಅಂತ ನೀವೇ ತರಿಸಿ ನೋಡಬಹುದು. ಬೆರಳಚ್ಚು ಕೊಟ್ಟು 18 ಡಾಲರ್ ಕಟ್ಟಿದರೆ ಸಿಗುತ್ತದೆ. ಯಾರು ಏನೇ ಹೇಳಲಿ, ಇದನ್ನು ತರಿಸದೆ ಮುಂದಿನ ಹೆಜ್ಜೆ ಇಡಬೇಡಿ. ಅರೆಸ್ಟ್ ಆದ ತಾರೀಖು ಇದ್ದು ಕೊನೆಗೆ ಏನಾಯಿತು ಅನ್ನುವ ಜಾಗ ಖಾಲಿ ಇರುವುದು ಇದರಲ್ಲಿ ತೀರಾ ಸಾಮಾನ್ಯ. ಕೌಂಟಿಯಿಂದ ಫಲಿತಾಂಶ ಮೇಲೆ ಹೋಗಿಯೇ ಇರುವುದಿಲ್ಲ. ನೋಡುವವರಿಗೆ ಕೇಸು ಇನ್ನೂ ನಡೀತಾ ಇದೆಯೇನೋ ಅನಿಸುತ್ತದೆ. ಅದನ್ನು ಸರಿ ಮಾಡಿಸಲು ಬೇಕಾಗುವುದು ಕೌಂಟಿ ಕ್ಲರ್ಕ್ ಮುದ್ರೆ ಹಾಕಿ ಕೊಡುವ ಕೋರ್ಟ್ ಡಿಸ್‌ಪೊಸಿಷನ್, ಅಂದರೆ ಕೇಸು ಹೇಗೆ ಮುಗಿಯಿತು ಅನ್ನುವ ಕಾಗದ. ಈ ಕಾಗದದ ವಿಷಯಕ್ಕೆ ಮತ್ತೆ ಬರುತ್ತೇನೆ, ಈ ಪತ್ರ ಬರೆಯುತ್ತಿರುವುದೇ ಅದಕ್ಕಾಗಿ.

ಇನ್ನು ತೆಗೆಸುವ ವಿಷಯ. ಇಡೀ ದೇಶಕ್ಕೆ ಒಂದು ಕಾನೂನು ಇಲ್ಲ, ರಾಜ್ಯಕ್ಕೊಂದು ನಿಯಮ. ಎಕ್ಸ್‌ಪಂಜ್ ಮಾಡುವುದು ಅಂದರೆ ಸಾಮಾನ್ಯವಾಗಿ ದಾಖಲೆಯನ್ನೇ ನಾಶ ಮಾಡುವುದು ಅಥವಾ ವಾಪಸ್ ಪಡೆಯುವುದು. ಸೀಲ್ ಮಾಡುವುದು ಅಂದರೆ ಜನರ ಕಣ್ಣಿಂದ ಮುಚ್ಚಿಡುವುದು, ಎಷ್ಟೋ ಕಡೆ ಪೊಲೀಸರಿಗೆ ಕಾಣುತ್ತಲೇ ಇರುತ್ತದೆ. ಯಾವ ರಾಜ್ಯದಲ್ಲಿ ಯಾವುದು ಸಿಗುತ್ತದೆ ಅನ್ನುವುದು ಕೇಸು ಹೇಗೆ ಮುಗಿಯಿತು ಅನ್ನುವುದರ ಮೇಲೆ ನಿಂತಿದೆ.

ನ್ಯೂಯಾರ್ಕ್ ಈ ವಿಷಯದಲ್ಲಿ ಎಷ್ಟೋ ವಾಸಿ. ಕೇಸು ವಜಾ ಆದರೆ ಅಥವಾ ಖುಲಾಸೆ ಆದರೆ ಸಾಮಾನ್ಯವಾಗಿ ಅರ್ಜಿ ಇಲ್ಲದೆಯೇ ಸೀಲ್ ಆಗುತ್ತದೆ. ಪೆನ್ಸಿಲ್ವೇನಿಯಾ 2018ರಲ್ಲಿ ಕ್ಲೀನ್ ಸ್ಲೇಟ್ ಅನ್ನುವ ಕಾನೂನು ತಂದು, ಕಂಪ್ಯೂಟರೇ ದಾಖಲೆ ಮುಚ್ಚುವ ಹಾಗೆ ಮಾಡಿದ ಮೊದಲ ರಾಜ್ಯ. ಕ್ಯಾಲಿಫೋರ್ನಿಯಾದಲ್ಲಿ 2018ರ ಜನವರಿಯಿಂದ, ಶಿಕ್ಷೆಯಾಗದೆ ಮುಗಿದ ಅರೆಸ್ಟನ್ನು ಸೀಲ್ ಮಾಡಿ ಅಂತ ಅರೆಸ್ಟ್ ಆದ ಕೌಂಟಿಯ ಸುಪೀರಿಯರ್ ಕೋರ್ಟನ್ನು ಕೇಳಬಹುದು. ಕೆಲವು ಕೇಸುಗಳನ್ನು ಬಿಟ್ಟರೆ ಹೆಚ್ಚಿನವರಿಗೆ ಅದು ಹಕ್ಕು.

ಫ್ಲಾರಿಡಾ ಕಥೆ ವಿಚಿತ್ರ. ಅಲ್ಲಿ ರಾಜ್ಯದ ಇಲಾಖೆ ವಜಾ ಆದ ಕೇಸನ್ನು ತನ್ನ ಹತ್ತಿರ ತಾನಾಗಿಯೇ ಸೀಲ್ ಮಾಡಬೇಕು ಅಂತ 2019ರಲ್ಲಿ ಕಾನೂನಾಯಿತು. ಆದರೆ ಕೌಂಟಿ ಕ್ಲರ್ಕ್ ಆಗಲಿ ಶೆರಿಫ್ ಆಗಲಿ ಅದಕ್ಕಾಗಿ ತಮ್ಮ ಪ್ರತಿಯನ್ನು ಮುಚ್ಚಬೇಕಾಗಿಲ್ಲ! ಮೇಲೆ ಮುಚ್ಚಿದೆ, ಕೆಳಗೆ ತೆರೆದಿದೆ. ಕೌಂಟಿಯದ್ದು ಹೋಗಬೇಕು ಅಂದರೆ ರಾಜ್ಯದಿಂದ 75 ಡಾಲರಿನ ಅರ್ಹತಾ ಪತ್ರ ತರಿಸಿ ಕೋರ್ಟಿಗೆ ಅರ್ಜಿ ಹಾಕಬೇಕು. ಆ ಅವಕಾಶ ಸಾಮಾನ್ಯವಾಗಿ ಜೀವಮಾನದಲ್ಲಿ ಒಂದೇ ಸಲ.

ಟೆಕ್ಸಸ್‌ನಲ್ಲಿ ಚಾರ್ಜ್ ಹಾಕದೇ ಬಿಟ್ಟ ಅರೆಸ್ಟಿಗೆ ಕಾಯುವ ಅವಧಿ ಇದೆ. ತೀರಾ ಚಿಕ್ಕ ಕೇಸಿಗೆ 180 ದಿನ, ಅದರ ಮೇಲಿನದಕ್ಕೆ ಒಂದು ವರ್ಷ, ದೊಡ್ಡ ಅಪರಾಧವಾದರೆ ಮೂರು ವರ್ಷ. ಅಲ್ಲಿ ಇನ್ನೊಂದು ಎಚ್ಚರ ಬೇಕು. ಅರ್ಜಿಯಲ್ಲಿ ದಾಖಲೆ ಇರುವ ಪ್ರತಿಯೊಂದು ಕಚೇರಿಯ ಹೆಸರು ನೀವೇ ಬರೆಯಬೇಕು. ಊರಿನ ಪೊಲೀಸ್, ಶೆರಿಫ್, ಸರ್ಕಾರಿ ವಕೀಲರು, ಕ್ಲರ್ಕ್, ಡಿಪಿಎಸ್, ಎಲ್ಲ. ಬರೆಯದೆ ಬಿಟ್ಟ ಕಚೇರಿಗೆ ಆದೇಶವೇ ಹೋಗುವುದಿಲ್ಲ, ಅದು ಸುಮ್ನೆ ಇಟ್ಟುಕೊಂಡಿರುತ್ತದೆ. ವಕೀಲರಿಗೆ ದುಡ್ಡು ಕೊಟ್ಟಿದ್ದರೂ ಈ ಪಟ್ಟಿಯನ್ನು ಒಮ್ಮೆ ನೀವೇ ಓದಿ.

ಈಗ ಮುಖ್ಯ ವಿಷಯ. ಇಷ್ಟೂ ಹೇಳಿದ್ದು ಅಮೆರಿಕದ ಪ್ರಜೆಗೆ ಸಾಕು. ವೀಸಾ ಮೇಲಿರುವವರಿಗೆ, ಗ್ರೀನ್ ಕಾರ್ಡ್ ಇದ್ದವರಿಗೆ ಸಾಲದು. ಕೌಂಟಿ ಕೋರ್ಟು ಎಕ್ಸ್‌ಪಂಜ್ ಮಾಡಿದ್ದನ್ನು ಇಮಿಗ್ರೇಷನ್ ಇಲಾಖೆ ಅಳಿಸಿಹೋಯಿತು ಅಂತ ಲೆಕ್ಕಕ್ಕೆ ತೆಗೆದುಕೊಳ್ಳುವುದಿಲ್ಲ. ಪೌರತ್ವದ ಅರ್ಜಿ ಎನ್-400ರಲ್ಲಿ ಯಾವಾಗಲಾದರೂ ಅರೆಸ್ಟ್ ಆಗಿದ್ದೀರಾ ಅಂತ ಕೇಳುತ್ತಾರೆ, ದಾಖಲೆ ಸೀಲ್ ಆಗಿದ್ದರೂ ಎಕ್ಸ್‌ಪಂಜ್ ಆಗಿದ್ದರೂ ಹೇಳಲೇಬೇಕು. ವೀಸಾ ಅರ್ಜಿ ಡಿಎಸ್-160ರಲ್ಲೂ ಇದೇ ಪ್ರಶ್ನೆ. ಟೆಕ್ಸಸ್ ಕಾನೂನು 'ಈ ಅರೆಸ್ಟ್ ಆಗಲೇ ಇಲ್ಲ ಅಂತ ಹೇಳಬಹುದು' ಅನ್ನುತ್ತದೆ, ನಿಜ. ಕೆಲಸ ಕೊಡುವವನಿಗೆ, ಮನೆ ಬಾಡಿಗೆ ಕೊಡುವವನಿಗೆ ಹಾಗೆ ಹೇಳಬಹುದು. ಇಮಿಗ್ರೇಷನ್ ಅಧಿಕಾರಿಗೆ ಹಾಗೆ ಹೇಳಿದರೆ ಸುಳ್ಳು ಹೇಳಿದ ಹೊಸ ತಪ್ಪು ತಲೆಗೆ ಸುತ್ತಿಕೊಳ್ಳುತ್ತದೆ. ಮೂಲ ಕೇಸಿಗಿಂತ ಅದು ದೊಡ್ಡದಾಗಬಹುದು. ಅರೆಸ್ಟ್ ಆಗಿತ್ತು ಅಂತ ಹೇಳಿದ ಮೇಲೆ ಅಧಿಕಾರಿ ಕೇಳುವ ಮುಂದಿನ ಮಾತು: ಕೇಸು ಹೇಗೆ ಮುಗಿಯಿತು, ಕಾಗದ ತೋರಿಸಿ.

ಸಿಕ್ಕಿಹಾಕಿಕೊಳ್ಳುವುದು ಇಲ್ಲೇ. ನೀವು ಖುಷಿಯಾಗಿ ಎಲ್ಲವನ್ನೂ ತೆಗೆಸಿಬಿಟ್ಟಿದ್ದೀರಿ. ಕ್ಲರ್ಕ್ ಹತ್ತಿರ ಹೋಗಿ ಕೇಳಿದರೆ ಅಂಥ ಕೇಸೇ ನಮ್ಮಲ್ಲಿಲ್ಲ ಅನ್ನುತ್ತಾರೆ. ಅವರು ಹೇಳುವುದು ಸರಿ, ತೆಗೆಸಿದ್ದು ನೀವೇ ಅಲ್ವಾ? ಎಫ್‌ಬಿಐ ದಾಖಲೆಯಲ್ಲೋ ಹಳೇ ವೀಸಾ ಫೈಲಿನಲ್ಲೋ ಅರೆಸ್ಟ್ ಇದೆ, ಅದು ವಜಾ ಆಯಿತು ಅಂತ ತೋರಿಸುವ ಕಾಗದ ಈಗ ಜಗತ್ತಿನಲ್ಲೇ ಇಲ್ಲ. ಆದ್ದರಿಂದ ಅರ್ಜಿ ಹಾಕುವ ಮೊದಲೇ ಕ್ಲರ್ಕ್ ಮುದ್ರೆ ಇರುವ ಡಿಸ್‌ಪೊಸಿಷನ್, ಚಾರ್ಜ್ ಕಾಗದ, ಪೊಲೀಸ್ ವರದಿ ಇವುಗಳ ಐದಾರು ಪ್ರತಿ ತೆಗೆದಿಟ್ಟುಕೊಳ್ಳಿ. ಜೆರಾಕ್ಸ್ ಅಲ್ಲ, ಮುದ್ರೆ ಇರುವ ಪ್ರತಿ. ಒಂದು ಸೆಟ್ ಊರಿನಲ್ಲಿ ಅಪ್ಪ ಅಮ್ಮನ ಹತ್ತಿರವೂ ಇರಲಿ. ನಾಚಿಕೆಯಿಂದ ಎಷ್ಟೋ ಮಕ್ಕಳು ಮನೆಯಲ್ಲಿ ಹೇಳಿರುವುದೇ ಇಲ್ಲ, ಅದು ನನಗೂ ಗೊತ್ತು. ಆದರೆ ವೀಸಾ ಇಂಟರ್‌ವ್ಯೂ ಭಾರತದಲ್ಲಿ ನಡೆಯುವಾಗ ಇಲ್ಲಿನ ಕೌಂಟಿಯಿಂದ ಕಾಗದ ತರಿಸುವುದು ಹೇಳಿದಷ್ಟು ಸುಲಭ ಅಲ್ಲ.

ಇನ್ನೊಂದು ಗುಂಡಿ ಇದೆ. ಮೊದಲ ಸಲ ಸಿಕ್ಕಿಬಿದ್ದವರಿಗೆ ಕೋರ್ಟಿನಲ್ಲಿ ಒಂದು ಒಪ್ಪಂದ ಸಿಗುತ್ತದೆ. ಇಷ್ಟು ದಿನ ಸರಿಯಾಗಿ ನಡೆದುಕೊಂಡರೆ ಕೇಸು ವಜಾ. ಕೇಳಲು ಚೆನ್ನಾಗಿದೆ. ನ್ಯೂಯಾರ್ಕಿನಲ್ಲಿ ಎಸಿಡಿ ಅನ್ನುವುದರಲ್ಲಿ ತಪ್ಪು ಒಪ್ಪಿಕೊಳ್ಳಬೇಕಾಗಿಲ್ಲ. ಆದರೆ ಟೆಕ್ಸಸ್‌ನ ಡಿಫರ್ಡ್ ಅಡ್ಜುಡಿಕೇಷನ್‌ನಲ್ಲಿ, ಅಂದರೆ ತೀರ್ಪು ಮುಂದಕ್ಕೆ ಹಾಕುವುದರಲ್ಲಿ, ಮೊದಲು ತಪ್ಪಾಯಿತು ಅಂತಲೋ, ಆರೋಪವನ್ನು ಎದುರಿಸುವುದಿಲ್ಲ ಅಂತಲೋ ಜಡ್ಜ್ ಮುಂದೆ ಹೇಳಬೇಕು. ರಾಜ್ಯದ ಲೆಕ್ಕದಲ್ಲಿ ಅದು ಶಿಕ್ಷೆ ಅಲ್ಲ. ಇಮಿಗ್ರೇಷನ್ ಕಾನೂನಿನ ಲೆಕ್ಕದಲ್ಲಿ ಶಿಕ್ಷೆಯೇ, ಆಮೇಲೆ ವಜಾ ಆದರೂ ಶಿಕ್ಷೆಯೇ. ಒಪ್ಪಂದಕ್ಕೆ ಸಹಿ ಹಾಕುವ ಮೊದಲು ವಕೀಲರನ್ನು ಇದನ್ನೇ ಕೇಳಿ. 2010ರಲ್ಲಿ ಪಡಿಲ್ಲಾ ಕೇಸಿನಲ್ಲಿ ಸುಪ್ರೀಂ ಕೋರ್ಟು, ತಪ್ಪು ಒಪ್ಪಿಕೊಂಡರೆ ಗಡೀಪಾರಿನ ಅಪಾಯ ಇದೆಯಾ ಅಂತ ಕಕ್ಷಿದಾರನಿಗೆ ತಿಳಿಸುವುದು ಕ್ರಿಮಿನಲ್ ವಕೀಲರ ಕರ್ತವ್ಯ ಅಂತ ಹೇಳಿದೆ. ಸಂಕೋಚ ಬೇಡ, ಕೇಳಿ.

ಬರೀ ಅರೆಸ್ಟ್ ತಾನೆ, ಅದರಿಂದ ಏನಾಗುತ್ತದೆ ಅನ್ನುವವರಿಗೆ ಎರಡು ಉದಾಹರಣೆ. ಕುಡಿದು ಗಾಡಿ ಓಡಿಸಿದ ಅರೆಸ್ಟ್ ಒಂದಿದ್ದರೆ ಸಾಕು, ಶಿಕ್ಷೆ ಆಗದಿದ್ದರೂ ವಿದೇಶಾಂಗ ಇಲಾಖೆ ವೀಸಾ ರದ್ದು ಮಾಡಬಹುದು ಅನ್ನುವ ನಿಯಮ 2015ರಿಂದ ಇದೆ. ಎರಡನೆಯದು 2025ರ ಏಪ್ರಿಲ್‌ನಲ್ಲಿ ಆಗಿದ್ದು. ವಿದೇಶಿ ವಿದ್ಯಾರ್ಥಿಗಳ ಹೆಸರುಗಳನ್ನು ಸಗಟಾಗಿ ಎಫ್‌ಬಿಐನ ಎನ್‌ಸಿಐಸಿ ಅನ್ನುವ ಅಪರಾಧ ದಾಖಲೆಗಳ ಡೇಟಾಬೇಸಿಗೆ ಹಾಕಿ ನೋಡಿದರು, ಸಾವಿರಾರು ಮಕ್ಕಳ ಸೆವಿಸ್ ದಾಖಲೆ, ಅಂದರೆ ವಿದೇಶಿ ವಿದ್ಯಾರ್ಥಿಗಳ ಬಗ್ಗೆ ಸರ್ಕಾರ ಇಟ್ಟುಕೊಳ್ಳುವ ದಾಖಲೆ, ರದ್ದಾಯಿತು. ಅವರಲ್ಲಿ ಕೇಸು ವಜಾ ಆದವರಿದ್ದರು, ಚಾರ್ಜೇ ಬೀಳದವರಿದ್ದರು, ಟ್ರಾಫಿಕ್ ತಪ್ಪು ಮಾಡಿದವರೂ ಇದ್ದರು. ಮಕ್ಕಳು ಕೋರ್ಟಿಗೆ ಹೋದ ಮೇಲೆ ಜಡ್ಜುಗಳು ಒಬ್ಬೊಬ್ಬರಾಗಿ ತಡೆ ಕೊಟ್ಟರು, ತಿಂಗಳ ಕೊನೆಗೆ ಸರ್ಕಾರ ದಾಖಲೆ ವಾಪಸ್ ಚಾಲೂ ಮಾಡುತ್ತೇವೆ ಅಂದಿತು. ಅಷ್ಟರಲ್ಲಿ ಹೆದರಿ ದೇಶ ಬಿಟ್ಟು ಹೋದವರೂ ಇದ್ದರು.

ಕೆಲಸದ ವಿಷಯಕ್ಕೂ ಒಂದು ಮಾತು. ಬ್ಯಾಕ್‌ಗ್ರೌಂಡ್ ಚೆಕ್ ಮಾಡುವ ಕಂಪನಿಗಳು ನೀವು ವಾಸ ಇದ್ದ ಕೌಂಟಿಗಳ ಕೋರ್ಟಿನಲ್ಲಿ ಹೆಸರು ಹುಡುಕುತ್ತವೆ. ಶಿಕ್ಷೆಯಾಗದ ಅರೆಸ್ಟನ್ನು ಏಳು ವರ್ಷ ಆದ ಮೇಲೆ ಹೇಳುವಂತಿಲ್ಲ ಅನ್ನುವ ಕೇಂದ್ರ ಕಾನೂನು ಇದೆ, ಅದನ್ನು ಎಫ್‌ಸಿಆರ್‌ಎ ಅನ್ನುತ್ತಾರೆ. ಆದರೆ ವರ್ಷಕ್ಕೆ 75,000 ಡಾಲರ್ ಅಥವಾ ಅದಕ್ಕಿಂತ ಜಾಸ್ತಿ ಸಂಬಳದ ಕೆಲಸಕ್ಕೆ ಆ ಮಿತಿ ಇಲ್ಲ. ನಮ್ಮ ಸಾಫ್ಟ್‌ವೇರ್ ಹುಡುಗರಲ್ಲಿ ಹೆಚ್ಚಿನವರು ಅದಕ್ಕಿಂತ ಮೇಲೆಯೇ ಇರುತ್ತಾರೆ, ಅಂದರೆ ಕಾನೂನಿನ ಕೊಡೆ ಇವರ ತಲೆಯ ಮೇಲಿಲ್ಲ. ಕ್ಯಾಲಿಫೋರ್ನಿಯಾದಂಥ ಕೆಲವು ರಾಜ್ಯಗಳು ಇದಕ್ಕಿಂತ ಬಿಗಿಯಾಗಿವೆ, ಶಿಕ್ಷೆಗೆ ಹೋಗದ ಅರೆಸ್ಟ್ ಬಗ್ಗೆ ಅಲ್ಲಿ ಕೆಲಸ ಕೊಡುವವರು ಸಾಮಾನ್ಯವಾಗಿ ಕೇಳುವಂತೆಯೇ ಇಲ್ಲ. ವರದಿಯ ಕಾರಣಕ್ಕೆ ಕೆಲಸ ನಿರಾಕರಿಸುವ ಮೊದಲು ಕಂಪನಿ ಅದರ ಪ್ರತಿಯನ್ನು ನಿಮಗೆ ಕೊಡಬೇಕು. ತಪ್ಪಿದ್ದರೆ ವರದಿ ಮಾಡಿದವರಿಗೆ ಲಿಖಿತವಾಗಿ ತಕರಾರು ಹಾಕಿ, ಸಾಮಾನ್ಯವಾಗಿ 30 ದಿನದಲ್ಲಿ ಅವರು ಪರಿಶೀಲಿಸಬೇಕು.

ಆಮೇಲೆ ಮಗ್‌ಶಾಟ್ ಸೈಟುಗಳು. ಶೆರಿಫ್ ಹಾಕಿದ ಜೈಲು ಫೋಟೊ ಎತ್ತಿಕೊಂಡು ತಮ್ಮ ಸೈಟಿನಲ್ಲಿ ಹಾಕಿ, ತೆಗೆಯಬೇಕಾದರೆ ದುಡ್ಡು ಕೊಡಿ ಅನ್ನುವ ದಂಧೆ. ಸುಲಿಗೆ ಅನ್ನದೆ ಬೇರೇನು ಅನ್ನಬೇಕು? ಹೀಗೆ ದುಡ್ಡು ಕೇಳುವುದನ್ನು ಜಾರ್ಜಿಯಾ, ಕ್ಯಾಲಿಫೋರ್ನಿಯಾ, ಫ್ಲಾರಿಡಾದಂಥ ರಾಜ್ಯಗಳು ಕಾನೂನು ಮಾಡಿ ತಡೆದಿವೆ. ದಯವಿಟ್ಟು ದುಡ್ಡು ಕೊಡಬೇಡಿ. ಒಂದು ಸೈಟಿಗೆ ಕೊಟ್ಟರೆ ಇನ್ನೊಂದರಲ್ಲಿ ಬರುತ್ತದೆ. ತೆಗೆಯಲು ದುಡ್ಡು ಕೇಳುವ ಸೈಟುಗಳ ಪುಟವನ್ನು ಹುಡುಕಾಟದಿಂದ ತೆಗೆಯಿರಿ ಅಂತ ಗೂಗಲ್‌ಗೆ ನೇರವಾಗಿ ಕೇಳಲು ಫಾರಂ ಇದೆ, ಅದು ಉಚಿತ. ಹಾಗೆಯೇ 'ನಿಮ್ಮ ಕೌಂಟಿ ದಾಖಲೆ ಒಂದು ವಾರದಲ್ಲಿ ಕ್ಲೀನ್' ಅಂತ ಜಾಹೀರಾತು ಹಾಕುವವರನ್ನೂ ನಂಬಬೇಡಿ. ಕೌಂಟಿ ದಾಖಲೆ ಹೋಗುವುದು ಕಾನೂನಿನಿಂದ ಅಥವಾ ಕೋರ್ಟಿನ ಆದೇಶದಿಂದ, ಯಾರ ಕ್ರೆಡಿಟ್ ಕಾರ್ಡಿನಿಂದಲೂ ಅಲ್ಲ. ಆದೇಶ ಬಂದ ಮೇಲೂ ಎಲ್ಲ ಕಚೇರಿಗೆ ತಲುಪಲು ತಿಂಗಳುಗಳು ಹಿಡಿಯಬಹುದು. ಸ್ವಲ್ಪ ಕಾಲ ಬಿಟ್ಟು ಜೈಲಿನ ಸೈಟು, ಕ್ಲರ್ಕ್ ಸೈಟು, ಎಫ್‌ಬಿಐ ಮೂರನ್ನೂ ಮತ್ತೆ ನೋಡಿ.

ಇಷ್ಟೆಲ್ಲ ಮಾಡಿ ಮುಗಿಸಿದವನ ಹೆಸರನ್ನು ಗೂಗಲ್‌ನಲ್ಲಿ ಹಾಕಿದರೆ ಮೊದಲು ಬರುವುದು ಏನು ಗೊತ್ತಾ ಸಂಪಾದಕರೇ? ಕನ್ನಡ ಪತ್ರಿಕೆಯ ಸುದ್ದಿ. ಕೋರ್ಟು ಮುಚ್ಚಿದೆ, ಶೆರಿಫ್ ತೆಗೆದಿದ್ದಾನೆ, ನಮ್ಮ ಭಾಷೆಯ ಪುಟ ಮಾತ್ರ ಫೋಟೊ ಸಮೇತ ಅಲ್ಲೇ ಇದೆ. ಹೆಣ್ಣು ನೋಡಲು ಬರುವವರು, ಕೊಡುವವರು, ನೆಂಟರು ಎಲ್ಲ ಓದುವುದು ಅದನ್ನೇ. ಅಮೆರಿಕದ ಕೋರ್ಟಿನ ಆದೇಶ ನಿಮ್ಮ ಮೇಲೆ ನಡೆಯುವುದಿಲ್ಲ, ಸರಿ. ಇಲ್ಲಿನ ಪತ್ರಿಕೆಗಳ ಮೇಲೂ ನಡೆಯುವುದಿಲ್ಲ, ಪತ್ರಿಕಾ ಸ್ವಾತಂತ್ರ್ಯ ಇಲ್ಲಿ ಗಟ್ಟಿಯಾಗಿದೆ. ಆದರೂ ಕ್ಲೀವ್‌ಲೆಂಡ್‌ನ ಪತ್ರಿಕಾ ತಾಣ 2018ರಲ್ಲೇ ಚಿಕ್ಕ ಅಪರಾಧದ ಹಳೇ ಸುದ್ದಿಗಳಿಂದ ಹೆಸರು ತೆಗೆಯುವ ಅರ್ಜಿ ಪಡೆಯಲು ಶುರು ಮಾಡಿತು. ಬಾಸ್ಟನ್ ಗ್ಲೋಬ್ 2021ರಲ್ಲಿ ಅಂಥದ್ದೇ ವ್ಯವಸ್ಥೆ ಮಾಡಿತು. ಯಾರೂ ಬಲವಂತ ಮಾಡಿದ್ದಲ್ಲ.

ಸುದ್ದಿ ಹಾಕಬೇಡಿ ಅಂತ ನಾನು ಹೇಳುತ್ತಿಲ್ಲ. ಕೊಲೆ, ಕೋಟಿಗಟ್ಟಲೆ ವಂಚನೆ ಇವುಗಳ ಜೊತೆ ಇದನ್ನು ಸೇರಿಸುತ್ತಲೂ ಇಲ್ಲ. ಚಿಕ್ಕ ಕೇಸುಗಳಲ್ಲಿ ಜೈಲು ಫೋಟೊ ಬೇಡ. ಕೇಸು ವಜಾ ಆಯಿತು ಅಂತ ಕೌಂಟಿ ಕ್ಲರ್ಕ್ ಮುದ್ರೆ ಇರುವ ಕಾಗದ ಯಾರಾದರೂ ಕಳಿಸಿದರೆ ಆನ್‌ಲೈನ್ ಸುದ್ದಿಯ ತಲೆಯ ಮೇಲೆಯೇ ಅದನ್ನು ಬರೆಯಿರಿ, ಎಕ್ಸ್‌ಪಂಜ್ ಆಗಿದ್ದರೆ ಹೆಸರು ತೆಗೆಯಿರಿ. ಆ ಕಾಗದವನ್ನು ನಿಮ್ಮ ಕಚೇರಿಯಲ್ಲಿ ಯಾರಿಗೆ, ಯಾವ ಇ-ಮೇಲ್‌ಗೆ ಕಳಿಸಬೇಕು ಅನ್ನುವುದನ್ನು ಈ ಪತ್ರದ ಕೆಳಗೇ ಅಚ್ಚು ಹಾಕಿದರೆ ಉಪಕಾರವಾಗುತ್ತದೆ.

ಇಂತಿ,
ಅಮೆರಿಕದಿಂದ ನಿಮ್ಮ ಒಬ್ಬ ಓದುಗ